ಕತ್ತರಿ, ಕೂಪನ್ ಮತ್ತು ಕೊಸರು

(ಕನ್ನಡ ಕೂಟದ ಸಂಸ್ಥಾಪನಾ ದಿನಾಚರಣೆಯಲ್ಲಿ ದಂಪತಿಗಳಿಬ್ಬರು ಸೇರಿ ಬರೆದು ಓದಿದ ಭಾಷಣ)



ಈ ಸಲದ ಸಂಸ್ಥಾಪನಾ ದಿನಕ್ಕೆ ನೀವಿಬ್ಬರೂ ಇಪ್ಪತ್ತು ನಿಮಿಷ ಮಾತಾಡಬೇಕು ಎಂದು ಅಧ್ಯಕ್ಷರು ಫೋನಿನಲ್ಲಿ ಅಪ್ಪಣೆ ಮಾಡಿದಾಗ ನಮಗೆ ಗಾಬರಿಯೇ ಆಯಿತು. ಪಂಪನಿಂದ ಹಿಡಿದು ಪರಮಾಣುವಿನವರೆಗೆ ಎಲ್ಲ ವಿಷಯಗಳ ಮೇಲೂ ಬಲ್ಲವರು ಈ ವೇದಿಕೆಯಿಂದ ಮಾತಾಡಿ ಹೋಗಿದ್ದಾರೆ. ನಾವು ಗಟ್ಟಿಯಾಗಿ ಹೇಳಬಹುದಾದ್ದು ಏನಿದೆ ಎಂದು ಎರಡು ದಿನ ತಲೆ ಕೆರೆದುಕೊಂಡೆವು. ಮೂರನೆಯ ದಿನ ಅಡುಗೆಮನೆಯ ಡ್ರಾಯರಿನಲ್ಲಿ ಏನನ್ನೋ ಹುಡುಕುವಾಗ ಕಿತ್ತಳೆ ಬಣ್ಣದ ಹಿಡಿಯ ಹಳೆಯ ಕತ್ತರಿ ಕೈಗೆ ಸಿಕ್ಕಿತು. 1986ರಿಂದ ನಮ್ಮ ಮನೆಯಲ್ಲಿರುವ ಈ ಕತ್ತರಿ ಬಟ್ಟೆ ಕತ್ತರಿಸಿದ್ದು ಕಡಿಮೆ, ಕೂಪನ್ ಕತ್ತರಿಸಿದ್ದೇ ಹೆಚ್ಚು. ಸರಿ, ವಿಷಯ ಸಿಕ್ಕಿತು. ಬರೆದದ್ದು ಇಬ್ಬರೂ, ಓದುತ್ತಿರುವುದು ಒಬ್ಬರು. ತಪ್ಪೇನಾದರೂ ಇದ್ದರೆ ಅದು ಇನ್ನೊಬ್ಬರದು.

ಮೊದಲು ಕೊಸರಿನ ಮಾತು. ಊರಿನ ಸಂತೆಯಲ್ಲಿ ಅವರೆಕಾಯಿ ಕೊಂಡವರಿಗೆ ಕೊಸರು ಎಂದರೇನೆಂದು ವಿವರಿಸಬೇಕಾಗಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಾಗಿ ಹೇಳುತ್ತೇವೆ. ತಕ್ಕಡಿ ಸಮವಾಗಿ ನಿಂತು, ಕಾಯಿ ಚೀಲಕ್ಕೆ ಬಿದ್ದು, ದುಡ್ಡು ಕೈ ಬದಲಾದ ಮೇಲೂ ಕೊಂಡವಳು ಅಲ್ಲಿಂದ ಕದಲುವುದಿಲ್ಲ. ಚೀಲದ ಬಾಯಿ ತೆರೆದೇ ಹಿಡಿದು 'ಕೊಸರು ಹಾಕಪ್ಪ' ಎನ್ನುತ್ತಾಳೆ. ಮಾರುವವನು ಗೊಣಗುತ್ತ ಒಂದು ಹಿಡಿ ಎತ್ತಿ ಹಾಕುತ್ತಾನೆ. ಆ ಹಿಡಿಗೆ ತೂಕವಿಲ್ಲ, ರಸೀದಿಯಿಲ್ಲ, ಕೊನೆಯ ದಿನಾಂಕವೂ ಇಲ್ಲ. ಮುಂದಿನ ವಾರ ಅವಳು ಅವನ ಹತ್ತಿರವೇ ಬರುತ್ತಾಳೆ, ಅಷ್ಟೇ ಲೆಕ್ಕ. ನಾವು ಅಮೆರಿಕಕ್ಕೆ ಬಂದ ಹೊಸದರಲ್ಲಿ ಬಹಳ ದಿನ ಹುಡುಕಿದ್ದು ಈ ಕೊಸರನ್ನೇ. ಬೆಲೆಯ ಚೀಟಿ ಅಂಟಿಸಿದ, ಮಾತಿಲ್ಲದ, ಚೌಕಾಸಿಯಿಲ್ಲದ ಆ ದೊಡ್ಡ ಅಂಗಡಿಗಳಲ್ಲಿ ಅದು ಎಲ್ಲಿ ಅಡಗಿದೆಯೋ ಗೊತ್ತಾಗಲಿಲ್ಲ. ಭಾನುವಾರದ ಪತ್ರಿಕೆಯ ಹೊಟ್ಟೆಯೊಳಗೆ ಅಡಗಿದೆ ಎಂದು ತಿಳಿಯಲು ನಮಗೆ ಮೂರು ತಿಂಗಳು ಹಿಡಿಯಿತು.

1986ರ ಆಗಸ್ಟಿನಲ್ಲಿ ನಾವು ಬಂದಿಳಿದದ್ದು ಇಲಿನಾಯ್ ರಾಜ್ಯದ ಅರ್ಬಾನಾ-ಷಾಂಪೇನಿಗೆ. ಸುತ್ತ ಮುಸುಕಿನ ಜೋಳದ ಹೊಲ, ನಡುವೆ ವಿಶ್ವವಿದ್ಯಾನಿಲಯ. ನಮ್ಮಲ್ಲೊಬ್ಬರಿಗೆ ಸಹಾಯಕ ವೇತನ, ಇನ್ನೊಬ್ಬರಿಗೆ ಎಫ್-2 ವೀಸಾ. ಎಫ್-2 ಎಂದರೆ ಗೊತ್ತಲ್ಲ, ವಿದ್ಯಾರ್ಥಿಯ ಹೆಂಡತಿಯೋ ಗಂಡನೋ ಆಗಿ ಈ ದೇಶದಲ್ಲಿ ಇರಬಹುದು, ಒಂದು ಪೈಸೆ ದುಡಿಯುವಂತಿಲ್ಲ. ಊರಿನಲ್ಲಿ ಐದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಪಾಠ ಹೇಳಿ ತಿಂಗಳ ಒಂದನೇ ತಾರೀಖು ಸಂಬಳ ಎಣಿಸಿಕೊಂಡಿದ್ದ ಕೈಗೆ ಇಲ್ಲಿ ಎಣಿಸಲು ಏನೂ ಇರಲಿಲ್ಲ. ಈ ಭಾಷಣ ಮುಖ್ಯವಾಗಿ ಆ ಕೈಯ ಕಥೆ.

ವಿದ್ಯಾರ್ಥಿ ವಸತಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಯಾರೋ ಓದಿ ಬಿಟ್ಟ ಪತ್ರಿಕೆಗಳ ರಾಶಿ ಇರುತ್ತಿತ್ತು. ಅದರಲ್ಲಿ ಬಣ್ಣಬಣ್ಣದ ಮಿರುಗುವ ಹಾಳೆಗಳು. ಈ ಹಾಳೆಗಳನ್ನು ಪತ್ರಿಕೆಯ ನಡುವೆ ಸೇರಿಸಿ ಕೊಡುವ ಪದ್ಧತಿ 1972ರಲ್ಲಿ ಶುರುವಾಯಿತಂತೆ. ಕೂಪನ್ ಮಾತ್ರ ಅದಕ್ಕಿಂತ ಬಹಳ ಹಳೆಯದು. 1880ರ ದಶಕದ ಕೊನೆಯಲ್ಲಿ ಅಟ್ಲಾಂಟಾದ ಏಸಾ ಕ್ಯಾಂಡ್ಲರ್ ಎಂಬ ಔಷಧಿ ವ್ಯಾಪಾರಿ, ಒಂದು ಲೋಟ ಕೋಕಾ-ಕೋಲಾ ಬಿಟ್ಟಿ ಕುಡಿಯಿರಿ ಎಂಬ ಚೀಟಿ ಹಂಚಿಸಿದ. ಜಗತ್ತಿನ ಅರ್ಧ ಜನ ಇವತ್ತು ದುಡ್ಡು ಕೊಟ್ಟು ಕುಡಿಯುತ್ತಿರುವುದರಲ್ಲಿ ಆ ಚೀಟಿಯ ಕೈವಾಡವೂ ಇದೆ.

ನಾವು ಮೊದಲು ಕತ್ತರಿಸಿದ್ದು ಕ್ರೀಮ್ ಆಫ್ ವ್ಹೀಟ್ ಮೇಲಿನ 40 ಸೆಂಟಿನ ಕೂಪನ್. ಹಿಂದಿನ ಪೀಳಿಗೆಯವರಿಗೆ ಇದರ ಮಹಿಮೆ ಗೊತ್ತು. ರವೆ ಸಿಗದ ಊರಿನಲ್ಲಿ ನಮ್ಮ ಉಪ್ಪಿಟ್ಟಿನ ಮಾನ ಕಾಪಾಡಿದ್ದು ಅದು. ಕೂಪನ್ನನ್ನು ಕೈಯಲ್ಲಿ ಮಡಿಸಿ ಹಿಡಿದುಕೊಂಡು ಸಾಲಿನಲ್ಲಿ ನಿಂತೆವು. ಗಲ್ಲಾದ ಹೆಂಗಸು ಅದನ್ನು ಆಕಡೆ ಈಕಡೆ ತಿರುಗಿಸಿ ನೋಡಿ, ನಾವು ತಂದಿದ್ದು ಚಿಕ್ಕ ಪೊಟ್ಟಣ, ಕೂಪನ್ ಇರುವುದು ದೊಡ್ಡ ಪೊಟ್ಟಣಕ್ಕೆ ಎಂದು ಗಟ್ಟಿಯಾಗಿ ಹೇಳಿದಳು. ಹಿಂದೆ ಆರು ಜನ ನಿಂತಿದ್ದರು. ನಮ್ಮ ಮುಖ ಕೆಂಪಾಯಿತು, ಕಂದು ಬಣ್ಣದ ಮುಖ ಕೆಂಪಾಗುವಷ್ಟು. ಆಮೇಲೆ ಎರಡು ವಾರ ಕತ್ತರಿ ಡ್ರಾಯರಿನಿಂದ ಹೊರಬರಲಿಲ್ಲ. ದಾನ ಬೇಡಲು ಹೋಗಿ ಬೈಸಿಕೊಂಡು ಬಂದಂತೆ ಅನ್ನಿಸಿತ್ತು.

ಆ ಭ್ರಮೆ ಬಿಡಿಸಿದವರು ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಗುತ್ತಿದ್ದ ಒಬ್ಬ ಅಮೆರಿಕನ್ ಅಜ್ಜಿ. ಕೂಪನ್ನಿನ ಅಡಿಯಲ್ಲಿರುವ ಇರುವೆಯಂಥ ಅಕ್ಷರಗಳನ್ನು ಓದಿ ಎಂದರು. ಓದಿದೆವು. ಗಿರಾಕಿಗೆ ಬಿಟ್ಟುಕೊಟ್ಟ ಮೊತ್ತವನ್ನೂ, ಅದರ ಮೇಲೆ ಕೂಪನ್ ಒಂದಕ್ಕೆ 8 ಸೆಂಟನ್ನೂ ತಯಾರಿಕೆಯ ಕಂಪನಿ ಅಂಗಡಿಯವನಿಗೆ ಕೊಡುತ್ತದೆ ಎಂದು ಅಲ್ಲಿ ಅಚ್ಚಾಗಿತ್ತು! ಅಂಗಡಿಯವನು ಕೂಪನ್ನುಗಳನ್ನೆಲ್ಲ ಕಟ್ಟಿ ಕಳಿಸುತ್ತಾನೆ, ಅವನ್ನು ಎಣಿಸಿ ವಿಂಗಡಿಸುವುದಕ್ಕೇ ಬೇರೆ ಸಂಸ್ಥೆಗಳಿವೆ. ಎಷ್ಟೋ ಕೂಪನ್ನುಗಳ ಮೇಲೆ ಟೆಕ್ಸಾಸಿನ ಡೆಲ್ ರಿಯೊ ಎಂಬ ಗಡಿ ಊರಿನ ವಿಳಾಸ ಇರುತ್ತಿತ್ತು. ನಾವು ಉಪ್ಪಿಟ್ಟು ತಿಂದದ್ದಕ್ಕೆ ಸಾಕ್ಷಿ ಅಲ್ಲಿಯವರೆಗೆ ಪ್ರಯಾಣ ಮಾಡುತ್ತಿತ್ತು! ಇನ್ನೂ ಒಂದು ಸಾಲು: ಈ ಕೂಪನ್ನಿನ ನಗದು ಬೆಲೆ ಒಂದು ಸೆಂಟಿನ ನೂರನೆಯ ಒಂದು ಭಾಗ. ಕೆಲವು ರಾಜ್ಯಗಳ ಹಳೆಯ ಕಾನೂನಿನ ಬಾಯಿ ಮುಚ್ಚಿಸಲು ಹಾಗೆ ಅಚ್ಚು ಹಾಕುತ್ತಾರೆ. ನಮ್ಮ ಅಜ್ಜಂದಿರ ದಮ್ಮಡಿ, ಕಾಸುಗಳಿಗೂ ಇದಕ್ಕಿಂತ ಮರ್ಯಾದೆ ಇತ್ತು.

ಅಂದರೆ ಅದು ದಾನವಲ್ಲ, ವ್ಯಾಪಾರ. ಆ ಧೈರ್ಯದಿಂದ ಮತ್ತೆ ಕತ್ತರಿ ಹಿಡಿದೆವು.

ಇನ್ನು ಕಸುಬಿನ ಗುಟ್ಟು. ಕೂಪನ್ ಬಂದ ವಾರವೇ ಬಳಸುವವರು ಅನನುಭವಿಗಳು. ಅದನ್ನು ಲಕೋಟೆಯಲ್ಲಿಟ್ಟು ಕಾಯಬೇಕು. ಸಾಮಾನು ಸೇಲಿಗೆ ಬರುವವರೆಗೆ ಕಾದು, ಆಗ ಹೊರಗೆ ತೆಗೆಯಬೇಕು. ನಮ್ಮೂರಿನ ಒಂದು ಅಂಗಡಿಯಲ್ಲಿ 50 ಸೆಂಟಿನವರೆಗಿನ ಕೂಪನ್ನುಗಳನ್ನು ಇಮ್ಮಡಿ ಮಾಡುತ್ತಿದ್ದರು. 1 ಡಾಲರ್ 79 ಸೆಂಟಿನ ಹಲ್ಲುಜ್ಜುವ ಪೇಸ್ಟು ಸೇಲಿನಲ್ಲಿ 99 ಸೆಂಟಿಗೆ ಬಂತು ಎನ್ನಿ. ಕೈಯಲ್ಲಿ 35 ಸೆಂಟಿನ ಕೂಪನ್. ಇಮ್ಮಡಿಯಾದರೆ 70. ಉಳಿದದ್ದು 29 ಸೆಂಟು. ಗಣಿತದ ಮೇಷ್ಟರಮ್ಮನಿಗೆ ಇದಕ್ಕಿಂತ ಸೊಗಸಾದ ಲೆಕ್ಕ ಬೇರೆ ಉಂಟೆ? ಸೇಲಿನ ಸಾಮಾನು ಮುಗಿದುಹೋಗಿದೆ ಎಂದರೆ ಸಪ್ಪೆ ಮೋರೆ ಹಾಕಿಕೊಂಡು ಬರಬಾರದು, ರೇನ್ ಚೆಕ್ ಕೇಳಬೇಕು. ಮಳೆ ಬಂದು ಬೇಸ್‌ಬಾಲ್ ಆಟ ನಿಂತರೆ ಇನ್ನೊಂದು ದಿನಕ್ಕೆ ಕೊಡುತ್ತಿದ್ದ ಚೀಟಿಯಿಂದ ಬಂದ ಹೆಸರು ಅದು. ಜಾಹೀರಾತು ಕೊಟ್ಟ ಸರಕು ಅಂಗಡಿಯಲ್ಲಿ ಇರಲೇಬೇಕು ಎಂದು ಫೆಡರಲ್ ಟ್ರೇಡ್ ಕಮಿಷನ್ 1971ರಲ್ಲಿ ಆಹಾರದ ಅಂಗಡಿಗಳಿಗೆ ನಿಯಮ ಮಾಡಿತು. ಇಲ್ಲದಿದ್ದರೆ ರೇನ್ ಚೆಕ್ ಕೊಟ್ಟರೂ ಆದೀತು ಎಂದು 1989ರಲ್ಲಿ ಅದನ್ನು ಸಡಿಲಿಸಿತು.

ಬೆಣ್ಣೆಯ ವಿಷಯ ಬೇರೆಯೇ ಹೇಳಬೇಕು. ಥ್ಯಾಂಕ್ಸ್‌ಗಿವಿಂಗಿನ ಮುಂಚೆ ಅಮೆರಿಕನ್ನರು ಕೇಕು ಬಿಸ್ಕತ್ತು ಮಾಡುವ ಕಾಲದಲ್ಲಿ ಬೆಣ್ಣೆ ಅಗ್ಗವಾಗುತ್ತದೆ. ನಮ್ಮ ದೀಪಾವಳಿಯೂ ಅದರ ಅಕ್ಕಪಕ್ಕದಲ್ಲೇ ಬರುತ್ತದೆ. ಉಪ್ಪಿಲ್ಲದ ಬೆಣ್ಣೆಯ ಕೂಪನ್ನುಗಳನ್ನು ಸೆಪ್ಟೆಂಬರಿನಿಂದಲೇ ಕೂಡಿಟ್ಟು, ನವೆಂಬರಿನಲ್ಲಿ ಹತ್ತು ಪೌಂಡು ಕೊಂಡು, ಒಂದು ಶನಿವಾರ ಕೂತು ಕಾಯಿಸಿದರೆ ಯುಗಾದಿಯ ಹೋಳಿಗೆಯವರೆಗೂ ತುಪ್ಪದ ಚಿಂತೆಯಿಲ್ಲ. ಕಾಯಿಸುವ ದಿನ ಹೊಗೆ ಎಚ್ಚರಿಕೆಯ ಗಂಟೆಗೆ ಒದ್ದೆ ಬಟ್ಟೆ ಕಟ್ಟಬೇಡಿ, ಕಿಟಕಿ ತೆರೆಯಿರಿ. ರೈಸ್ ಕ್ರಿಸ್ಪೀಸಿನಿಂದ ಮಂಡಕ್ಕಿ ಒಗ್ಗರಣೆ, ಬಿಸ್ಕ್ವಿಕ್ಕಿಗೆ ಹಾಲಿನ ಪುಡಿ ಸೇರಿಸಿ ಜಾಮೂನು, ಇವೆಲ್ಲ ಕೂಪನ್ ಇರುವ ಸಾಮಾನುಗಳು. ನಮ್ಮ ಅಡುಗೆಯೇ ಸ್ವಲ್ಪ ಕೂಪನ್ನಿನ ದಿಕ್ಕಿಗೆ ವಾಲಿತು ಎಂದರೂ ಸರಿ.

ಆದರೆ ತೊಗರಿಬೇಳೆಗೆ ಕೂಪನ್ ಇಲ್ಲ. ಹುಣಸೆಹಣ್ಣಿಗಿಲ್ಲ, ಬ್ಯಾಡಗಿ ಮೆಣಸಿನಕಾಯಿಗಿಲ್ಲ, ರಾಗಿಹಿಟ್ಟಿಗಂತೂ ಇಲ್ಲವೇ ಇಲ್ಲ. ಅವಕ್ಕೆ ಷಿಕಾಗೊದ ಡೆವಾನ್ ಅವೆನ್ಯೂಗೇ ಹೋಗಬೇಕು, ಸುಮಾರು 140 ಮೈಲಿ. ಅಲ್ಲಿ ಪಟೇಲ್ ಬ್ರದರ್ಸ್ ಅಂಗಡಿ 1974ರಿಂದ ಇತ್ತು. ಎರಡು ತಿಂಗಳಿಗೊಮ್ಮೆ ನಾಲ್ಕು ಮನೆಯವರು ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ಪೆಟ್ರೋಲು ಹಂಚಿಕೊಂಡದ್ದೇ ನಮ್ಮ ಕೂಪನ್. ತರಕಾರಿ, ಅಕ್ಕಿ, ಬೇಳೆ, ಹಾಲು, ಅಂದರೆ ದಿನವೂ ಬೇಕಾದ ನಿಜವಾದ ಆಹಾರಕ್ಕೆ ಕೂಪನ್ ಬರುವುದು ಅಪರೂಪ. ಬರುವುದೆಲ್ಲ ಡಬ್ಬಿಯಲ್ಲಿರುವುದಕ್ಕೆ, ಪೊಟ್ಟಣದಲ್ಲಿರುವುದಕ್ಕೆ, ಹೊಸದಾಗಿ ಮಾರುಕಟ್ಟೆಗೆ ಬಂದದ್ದಕ್ಕೆ. ಇದನ್ನು ಗಮನಿಸಲು ನಮಗೆ ಒಂದು ವರ್ಷ ಬೇಕಾಯಿತು. ಆ ಒಂದು ವರ್ಷದಲ್ಲಿ ನಾವು ಮಾಡಿದ ಅವಾಂತರಗಳನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ.

ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂದು ಗಾದೆ ಇದೆಯಲ್ಲ, ಹಾಗೆ. ಸಲಾಡ್ ತಿನ್ನದ ಮನೆಯಲ್ಲಿ ಸಲಾಡಿಗೆ ಸುರಿಯುವ ಹನ್ನೊಂದು ಸೀಸೆಗಳು. ಬೆಕ್ಕಿಲ್ಲದ ಮನೆಯಲ್ಲಿ ಬೆಕ್ಕಿನ ಆಹಾರ ನಾಲ್ಕು ಡಬ್ಬಿ, ಪೂರ್ತಿ ಬಿಟ್ಟಿ ಎಂಬ ಒಂದೇ ಕಾರಣಕ್ಕೆ. ಎಲ್ಲಕ್ಕಿಂತ ಕೆಟ್ಟದ್ದು ಸೂಪು. ತರಕಾರಿ ಸೂಪು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು, ಕೂಪನ್ ಹಾಕಿ ಎಂಟು ಡಬ್ಬಿ ತಂದೆವು. ಮೂರನೆಯ ಡಬ್ಬಿ ಖಾಲಿಯಾದ ಮೇಲೆ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಗೋಮಾಂಸದ ಸಾರು! ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವರು ನಾವು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಕೂಪನ್ನಿನ ಅಕ್ಷರ ಓದಲು ಕಲಿತವರು ಡಬ್ಬಿಯ ಅಕ್ಷರ ಓದಲು ಮರೆತಿದ್ದೆವು.

ವರ್ಷದ ಕೊನೆಗೆ ಇನ್ನೊಂದು ಆಘಾತ. ಪ್ರತಿ ವಾರ ಎಂಟು ಡಾಲರಿನ ಆಸುಪಾಸು ಉಳಿಸಿದ್ದೇವೆ, 400 ಡಾಲರಾದರೂ ಇರಬೇಕು ಎಂದು ಬ್ಯಾಂಕಿನ ಪುಸ್ತಕ ತೆಗೆದರೆ ಅಲ್ಲಿ ಏನೂ ಇಲ್ಲ. ಎಲ್ಲಿಗೆ ಹೋಯಿತು? ಪೇಸ್ಟಿನಲ್ಲಿ ಉಳಿದದ್ದು ಸೀಸೆಗಳಿಗೆ ಹೋಗಿತ್ತು, ಬೆಕ್ಕಿಗೆ ಹೋಗಿತ್ತು. ರಸೀದಿಯ ತುದಿಯಲ್ಲಿ 'ನೀವು ಇಷ್ಟು ಉಳಿಸಿದ್ದೀರಿ' ಎಂದು ಅಂಗಡಿಯವನು ಅಚ್ಚು ಹಾಕಿ ಕೊಟ್ಟರೆ ಅದು ಉಳಿತಾಯವಲ್ಲ, ಅವನ ಸೌಜನ್ಯ. ನಮ್ಮಲ್ಲೊಬ್ಬರು, ಗಣಿತದವರು, ಅಂದೇ ಒಂದು ಕಟ್ಟಳೆ ಮಾಡಿದರು. ಮೊದಲು ಬೇಕಾದ ಸಾಮಾನಿನ ಪಟ್ಟಿ, ಆಮೇಲೆ ಕತ್ತರಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕತ್ತರಿ ಮುಟ್ಟಬಾರದು. ಅಂಗಡಿಯಿಂದ ಬಂದ ಕೂಡಲೇ ರಸೀದಿಯಲ್ಲಿ ಉಳಿದಷ್ಟು ದುಡ್ಡನ್ನು, ನಗದಾಗಿ, ಚಿಲ್ಲರೆ ಸಮೇತ, ಖಾಲಿ ಕಾಫಿ ಡಬ್ಬಿಯೊಳಗೆ ಹಾಕಬೇಕು. ಸಹಾಯಕ ವೇತನದವರು ಗೊಣಗಿದರು. ಆದರೂ ಹಾಕಿದರು. 1988ರ ಜನವರಿಯಿಂದ ಆ ಡಬ್ಬಿ ನಮ್ಮ ಎಫ್-2 ಸಂಬಳದ ಖಾತೆಯಾಯಿತು.

ಅದು ಸಂಬಳವೇ ಹೌದು, ಲೆಕ್ಕ ಕೇಳಿ. ಕತ್ತರಿಸಿ, ವಿಂಗಡಿಸಿ, ಪಟ್ಟಿ ಮಾಡುವುದಕ್ಕೆ ವಾರಕ್ಕೆ ಎರಡು ಗಂಟೆ. ಉಳಿದದ್ದು ಎಂಟು ಡಾಲರು. ಗಂಟೆಗೆ ನಾಲ್ಕು ಡಾಲರು. ಆಗ ಈ ದೇಶದ ಕನಿಷ್ಠ ಕೂಲಿ ಗಂಟೆಗೆ 3 ಡಾಲರ್ 35 ಸೆಂಟು. 1981ರಿಂದ 1990ರವರೆಗೆ ಅದು ಅಲ್ಲೇ ನಿಂತಿತ್ತು. ದುಡಿಯಬಾರದು ಎಂದು ಪಾಸ್‌ಪೋರ್ಟಿನಲ್ಲಿ ಮುದ್ರೆ ಒತ್ತಿಸಿಕೊಂಡವರು ಅಡುಗೆ ಮೇಜಿನ ಮೇಲೆ ಕೂತು ಕನಿಷ್ಠ ಕೂಲಿಗಿಂತ ಹೆಚ್ಚು ದುಡಿಯುತ್ತಿದ್ದರು. ಆದಾಯ ತೆರಿಗೆಯೂ ಇಲ್ಲ!

1989ರ ಮಾರ್ಚಿನಲ್ಲಿ ಹಾಸನದಿಂದ, ಎದುರು ಮನೆಯವರ ಫೋನಿನಿಂದ, ಕರೆ ಬಂತು. ತಂದೆಯವರಿಗೆ ಹುಷಾರಿಲ್ಲ, ಬಂದರೆ ಒಳ್ಳೆಯದು ಎಂದರು. (ಒಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ, ಈ ಭಾಷಣದ ಮಟ್ಟಿಗೆ ಇಬ್ಬರಿಗೂ ತಂದೆ.) ಕಾಫಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದು ಎಣಿಸಿದೆವು. 486 ಡಾಲರು. ಒಬ್ಬರ ಟಿಕೆಟ್ಟು 1,340. ಉಳಿದದ್ದನ್ನು ಕ್ರೆಡಿಟ್ ಕಾರ್ಡಿನ ಮೇಲೆ ಹೊರಿಸಿದೆವು. ಇಬ್ಬರಿಗೆ ಹೊರಿಸುವಷ್ಟು ಶಕ್ತಿ ಆ ಕಾರ್ಡಿಗಿರಲಿಲ್ಲ. ಯಾರು ಹೋಗಬೇಕು ಎಂದು ಚರ್ಚೆಯಾಗಲಿಲ್ಲ. ಡಬ್ಬಿ ತುಂಬಿಸಿದವರು ಇಲ್ಲೇ ಉಳಿದರು, ಮಗ ಹೋದರು.

ತಂದೆಯವರು ಇನ್ನೂ ಮಾತಾಡುತ್ತಿದ್ದರು. ಜೀವಮಾನವೆಲ್ಲ ಪಡಿತರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರು, ಮೊದಲು ಕೇಳಿದ್ದೇ ಟಿಕೆಟ್ಟಿಗೆ ಎಷ್ಟಾಯಿತು ಎಂದು. ಕಡಿಮೆ ಮಾಡಿ ಹೇಳಿದರೂ ನಂಬಲಿಲ್ಲ. ಆಗ ಕೂಪನ್ನಿನ ಕಥೆ, ಡಬ್ಬಿಯ ಕಥೆ ಎಲ್ಲ ಹೇಳಬೇಕಾಯಿತು. ಕಣ್ಣು ಮುಚ್ಚಿಕೊಂಡೇ ಕೇಳಿ, 'ಹಾಗಾದರೆ ಅಲ್ಲೂ ಕೊಸರು ಹಾಕ್ತಾರೆ ಅನ್ನು' ಎಂದರು. ಸ್ವಲ್ಪ ಹೊತ್ತಿನ ಮೇಲೆ, 'ಸೊಸೆ ಎಲ್ಲಿ?' ಎಂದರು. ಹನ್ನೊಂದು ದಿನ ಇದ್ದರು. ಕಾರ್ಡಿನ ಸಾಲ ತೀರಲು ಹದಿನಾಲ್ಕು ತಿಂಗಳಾಯಿತು.

ಆ ಪ್ರಶ್ನೆಗೆ ನಮ್ಮ ಹತ್ತಿರ ಆಗ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮುಂದಕ್ಕೆ ಹೋಗೋಣ.

ಕೂಪನ್ನಿನ ವೈಭವ ಶಿಖರ ಮುಟ್ಟಿದ್ದು 1992ರ ಸುಮಾರಿಗೆ. ಆ ವರ್ಷ ಈ ದೇಶದಲ್ಲಿ 30 ಸಾವಿರ ಕೋಟಿಗೂ ಹೆಚ್ಚು ಕೂಪನ್ ಹಂಚಿದರು. ಬಳಕೆಯಾದದ್ದು 800 ಕೋಟಿಗಿಂತ ಕಡಿಮೆ. ನೂರಕ್ಕೆ ಮೂರೂ ಇಲ್ಲ. ಮಿಕ್ಕದ್ದೆಲ್ಲ ಕಸದ ಬುಟ್ಟಿಗೆ. ಇಷ್ಟೊಂದು ಕಾಗದ ಸುರಿಯುವ ಬದಲು ಬೆಲೆಯನ್ನೇ ಇಳಿಸಬಾರದೆ ಎಂದು ನಮ್ಮಂಥವರಿಗೇ ಅನ್ನಿಸಿರುವಾಗ ಕಂಪನಿಗಳಿಗೆ ಅನ್ನಿಸದಿರುತ್ತದೆಯೆ? 1996ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ನ್ಯೂಯಾರ್ಕ್ ರಾಜ್ಯದ ಬಫಲೊ, ರಾಚೆಸ್ಟರ್, ಸಿರಾಕ್ಯೂಸ್ ಸೀಮೆಗಳಲ್ಲಿ ಕೂಪನ್ ಪೂರ್ತಿ ನಿಲ್ಲಿಸಿ ನೋಡಿತು. ಜನ ರೇಗಿದರು. ಸಹಿ ಸಂಗ್ರಹ, ಪ್ರತಿಭಟನೆ ಎಲ್ಲ ನಡೆದವು. 1997ರಲ್ಲಿ ಕಂಪನಿ ಪ್ರಯೋಗ ಕೈಬಿಟ್ಟಿತು. ಕಂಪನಿಗಳೆಲ್ಲ ಒಳಗೊಳಗೇ ಮಾತಾಡಿಕೊಂಡು ಕೂಪನ್ ನಿಲ್ಲಿಸಿದವೆ ಎಂದು ರಾಜ್ಯದ ಅಟಾರ್ನಿ ಜನರಲ್ ವಿಚಾರಣೆ ಹೂಡಿದರು. ಅದು 42 ಲಕ್ಷ ಡಾಲರಿನ ರಾಜಿಯಲ್ಲಿ ಮುಗಿಯಿತು. ಆ ಪರಿಹಾರವನ್ನು ಜನರಿಗೆ ಯಾವ ರೂಪದಲ್ಲಿ ಕೊಟ್ಟರು ಗೊತ್ತೆ? ಕೂಪನ್ ರೂಪದಲ್ಲಿ!

ಅರ್ಥಶಾಸ್ತ್ರಜ್ಞರು ಇದನ್ನು ಬೇರೆ ರೀತಿ ಹೇಳುತ್ತಾರೆ. ಒಂದೇ ಸಾಬೂನಿಗೆ ಎರಡು ಬೆಲೆ ಇಡುವ ಉಪಾಯ ಇದು. ಸಮಯ ಇಲ್ಲದವನಿಗೊಂದು, ಸಮಯ ಇದ್ದು ದುಡ್ಡಿಲ್ಲದವನಿಗೊಂದು. ನಮಗೆ ಇದು ಅನುಭವದಿಂದಲೇ ಗೊತ್ತಾಯಿತು. 1991ರಲ್ಲಿ ಮೇಷ್ಟರಮ್ಮನಿಗೆ ಕೆಲಸದ ಪರವಾನಗಿ ಸಿಕ್ಕಿ, ಶಾಲೆಯ ಕೆಲಸವೂ ಸಿಕ್ಕಿದ ಮೇಲೆ ಆ ಎರಡು ಗಂಟೆಯ ಲೆಕ್ಕ ತಲೆಕೆಳಗಾಯಿತು. ಎರಡು ಗಂಟೆ ಅರ್ಧ ಗಂಟೆಗೆ ಇಳಿಯಿತು. ಪೇಸ್ಟು, ಬಟ್ಟೆ ಸಾಬೂನು, ಮಗು ಬಂದ ಮೇಲೆ ಡೈಪರು, ಇಷ್ಟಕ್ಕೆ ಮಾತ್ರ ಕತ್ತರಿ. ಡೈಪರಿಗೆ ಬರುವ ಕೂಪನ್ನಿನ ಮುಂದೆ ಬೇರೆ ಯಾವ ಕೂಪನ್ನೂ ಇಲ್ಲ. ಇಲ್ಲಿರುವ ಎಳೆಯ ದಂಪತಿಗಳು ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. ಬೆಲೆಯ ಚೀಟಿಯ ಮೂಲೆಯಲ್ಲಿ ಒಂದು ಔನ್ಸಿಗೆ ಎಷ್ಟು ಎಂದು ಚಿಕ್ಕದಾಗಿ ಬರೆದಿರುತ್ತದಲ್ಲ, ಅದನ್ನೂ ನೋಡಿ. ಕೂಪನ್ ಇಳಿಸಿದ ಮೇಲೂ ಹೆಸರುವಾಸಿ ಸಾಮಾನಿಗಿಂತ ಅಂಗಡಿಯವನದೇ ಸಾದಾ ಸಾಮಾನು ಅಗ್ಗವಾಗಿರುವುದು ಎಷ್ಟೋ ಸಲ ಉಂಟು.

ಈಗ ಭಾನುವಾರದ ಪತ್ರಿಕೆ ಸೊರಗಿದೆ, ಅದರ ಹೊಟ್ಟೆಯಲ್ಲಿದ್ದ ಬಣ್ಣದ ಹಾಳೆಗಳೂ ಸೊರಗಿವೆ. ಕೂಪನ್ನುಗಳು ಫೋನಿನೊಳಕ್ಕೆ ಹೋಗಿ ಕೂತಿವೆ. ಹೋದ ವರ್ಷ ಊರಿನಿಂದ ಬಂದಿದ್ದ ನಮ್ಮ ಅಕ್ಕನವರು ಒಬ್ಬರೇ ಅಂಗಡಿಗೆ ಹೋಗಿ ಬಂದರು. ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದ ಬೆಲೆಗೂ ರಸೀದಿಯ ಬೆಲೆಗೂ ಮೂರು ಡಾಲರು ವ್ಯತ್ಯಾಸ. ಕೇಳಿದರೆ, ಅದು ಡಿಜಿಟಲ್ ಕೂಪನ್ ಇದ್ದವರಿಗೆ ಮಾತ್ರ, ಆಪ್ ಹಾಕಿಕೊಳ್ಳಿ ಎಂದರಂತೆ. ಅಕ್ಕನವರಿಗೆ ಆಪ್ ಎಂದರೇನೆಂದು ಗೊತ್ತಿಲ್ಲ. ಮೋಸ ಎಂದರೇನೆಂದು ಗೊತ್ತು. ಸಂತೆಯಲ್ಲಿ ಚೀಲದ ಬಾಯಿ ತೆರೆದು ಹಿಡಿಯಲು ಯಾವ ವಿದ್ಯೆಯೂ ಬೇಕಾಗಿರಲಿಲ್ಲ. ಇಲ್ಲಿ ಇಮೇಲು, ಗುಪ್ತಪದ, ಫೋನ್ ಸಂಖ್ಯೆ, ಜೊತೆಗೆ ನಾವು ಏನು ತಿನ್ನುತ್ತೇವೆ ಎಂಬುದರ ಪೂರ್ತಿ ಜಾತಕ, ಇಷ್ಟನ್ನೂ ಒಪ್ಪಿಸಿದರೆ ಒಂದು ಹಿಡಿ. ನಮ್ಮ ಅಕ್ಕನವರಂಥವರು ಅಮೆರಿಕನ್ನರಲ್ಲೂ ಬಹಳ ಜನ ಇದ್ದಾರೆ. 2025ರಲ್ಲಿ ಸ್ಯಾನ್ ಡಿಯಾಗೊ ನಗರಸಭೆ, ಫೋನಿನಲ್ಲಿ ಕೊಡುವ ರಿಯಾಯಿತಿಯನ್ನು ಕಾಗದದ ಮೇಲೆ ಕೇಳಿದವರಿಗೂ ಕೊಡಬೇಕು ಎಂದು ಅಂಗಡಿಗಳಿಗೆ ಕಟ್ಟಳೆ ಮಾಡಿತು. ನಮ್ಮ ಊರಿನಲ್ಲಿ ಅಂಥದ್ದಿಲ್ಲ. ಆದರೆ ನಮ್ಮ ಅನುಭವ ಹೇಳುತ್ತೇವೆ: ಗ್ರಾಹಕ ಸೇವೆಯ ಮೇಜಿನ ಹತ್ತಿರ ಹೋಗಿ, ನಮ್ಮ ಹತ್ತಿರ ಆ ಫೋನಿಲ್ಲ ಎಂದು ಮೆಲ್ಲಗೆ, ನಗುತ್ತ, ಆದರೆ ಕದಲದೆ ನಿಂತರೆ ಹಲವು ಸಲ ಆ ಬೆಲೆಯನ್ನೇ ಹಾಕಿಕೊಡುತ್ತಾರೆ. ಅಕ್ಕನವರನ್ನು ಎರಡನೆಯ ಸಲ ಹಾಗೆಯೇ ಕಳಿಸಿದೆವು. ಮೂರು ಡಾಲರು ವಾಪಸು ತಂದರು. ಅದನ್ನು ಕಾಫಿ ಡಬ್ಬಿಗೇ ಹಾಕಿದೆವು. ಡಬ್ಬಿ ಇನ್ನೂ ಇದೆ.

ಊಟದ ಮನೆಯಿಂದ ಬಿಸಿಬೇಳೆ ಭಾತಿನ ವಾಸನೆ ಬರುತ್ತಿದೆ, ನಿಮ್ಮ ಗಮನ ಅತ್ತ ಹೋಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಒಂದೇ ಒಂದು ಪ್ರಕಟಣೆ. ಕಾಫಿಯ ಮೇಜಿನ ಪಕ್ಕದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇವೆ. ನಿಮಗೆ ಬೇಡವಾದ ಕೂಪನ್ನುಗಳನ್ನು ಅದರಲ್ಲಿ ಹಾಕಿ, ಬೇಕಾದ್ದನ್ನು ತೆಗೆದುಕೊಳ್ಳಿ. ಡೈಪರಿನದನ್ನು ಮಾತ್ರ ಹೊಸದಾಗಿ ಬಂದಿರುವ ವಿದ್ಯಾರ್ಥಿ ಕುಟುಂಬಗಳಿಗೆ ಬಿಡಿ. ಊರಿನಿಂದ ಬಂದಿರುವ ತಂದೆತಾಯಿಗಳ ಫೋನಿಗೆ ಅಂಗಡಿಯ ಆಪ್ ಹಾಕಿಸಬೇಕಾದವರು ಊಟವಾದ ಮೇಲೆ ನಮ್ಮಿಬ್ಬರನ್ನು ನೋಡಿ. ಒಬ್ಬರು ಹಾಕಿಕೊಡುತ್ತೇವೆ, ಇನ್ನೊಬ್ಬರು ಅದರಲ್ಲಿ ಯಾವುದಕ್ಕೆ ಒಪ್ಪಿಗೆ ಒತ್ತಬಾರದು ಎಂದು ಹೇಳಿಕೊಡುತ್ತೇವೆ. ಪೆಟ್ಟಿಗೆಯ ಜೊತೆಗೆ ಆ ಕಿತ್ತಳೆ ಹಿಡಿಯ ಕತ್ತರಿಯನ್ನೂ ಇಟ್ಟಿದ್ದೇವೆ. ಅದನ್ನು ಮಾತ್ರ ದಯವಿಟ್ಟು ಅಲ್ಲೇ ವಾಪಸು ಇಡಿ.